ತಿಪ್ಪಗೊಂಡನಹಳ್ಳಿಯ ನೀರು ಎಲ್ಲಿ ಹೋಯಿತು?

ಬೆಂಗಳೂರಿನಲ್ಲಿ ನೀರಿನ ಮಾತು ಎದ್ದಾಗಲೆಲ್ಲ ತಿಪ್ಪಗೊಂಡನಹಳ್ಳಿ ಜಲಾಶಯದ ಹೆಸರು ನಿಟ್ಟುಸಿರಿನ ಜೊತೆಗೇ ಬರುತ್ತದೆ. ಮಳೆ ಕೈಕೊಟ್ಟಿತು, ಅರ್ಕಾವತಿ ಬತ್ತಿತು, ಕಟ್ಟೆಯಲ್ಲಿ ಹೂಳು ತುಂಬಿತು, ಇನ್ನೇನಿದ್ದರೂ ಹೂಳೆತ್ತಿಸಿ ಬೇರೆ ಕಡೆಯಿಂದ ನೀರು ತಂದು ತುಂಬಿಸುವುದೊಂದೇ ದಾರಿ. ಈ ಮಾತನ್ನು ಎಂಜಿನಿಯರುಗಳ ಬಾಯಲ್ಲಿ ಕೇಳಿದ್ದೇವೆ, ರಾಜಕಾರಣಿಗಳ ಭಾಷಣದಲ್ಲಿ ಕೇಳಿದ್ದೇವೆ, ನಲ್ಲಿಯಲ್ಲಿ ನೀರು ಬಾರದ ದಿನ ನೆರೆಮನೆಯವರಿಂದಲೂ ಕೇಳಿದ್ದೇವೆ. ಕೇಳಿ ಕೇಳಿ ಅದು ಪ್ರಶ್ನಿಸಬೇಕಾದ ಮಾತು ಎಂಬುದೇ ಮರೆತುಹೋಗಿದೆ. ನಾನು ಪ್ರಶ್ನಿಸುತ್ತೇನೆ. ಮಳೆ ಕೈಕೊಟ್ಟಿಲ್ಲ. ಹೂಳು ಕಾರಣವಲ್ಲ. ಹೊರಗಿನ ನೀರು ಪರಿಹಾರವಾಗುವುದೂ ಇಲ್ಲ. ಜಲಾಶಯಕ್ಕೆ ನೀರುಣಿಸುತ್ತಿದ್ದ ನೆಲದ ಒಡಲನ್ನು ಐವತ್ತು ವರ್ಷಗಳಲ್ಲಿ ನಾವೇ ಬರಿದು ಮಾಡಿ, ಅದನ್ನು ಒಪ್ಪಿಕೊಳ್ಳುವ ಮನಸ್ಸಿಲ್ಲದೆ ತಪ್ಪನ್ನು ಆಕಾಶದ ಮೇಲೆ ಹೊರಿಸಿದ್ದೇವೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ ಬರುತ್ತದೆ. ಶಿವಗಂಗೆಯ ಕಡೆಯಿಂದ ಕುಮುದ್ವತಿ ನೆಲಮಂಗಲದ ಸೀಮೆಯನ್ನು ದಾಟಿ ಬರುತ್ತದೆ. ಎರಡೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಲ್ಲಿನ ಅಣೆಕಟ್ಟೆ ಎದ್ದಿತು, ಅದೇ ಚಾಮರಾಜಸಾಗರ. ಅದಕ್ಕೂ ಮೊದಲು, 1894ರಲ್ಲೇ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಇದೇ ಹೊಳೆಯ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದಿತ್ತು. 1974ರಲ್ಲಿ ಕಾವೇರಿ ಬರುವತನಕ ಈ ಊರಿಗೆ ಮುಖ್ಯ ಆಸರೆ ಅರ್ಕಾವತಿಯೇ. ಕೆಂಪೇಗೌಡನ ಊರು ನಗರವಾಗಿ ಬೆಳೆದದ್ದು ನಂದಿ ಮತ್ತು ಶಿವಗಂಗೆಯ ನಡುವಿನ ನೆಲ ಕೊಟ್ಟ ನೀರಿನಿಂದ.

ಆ ನೆಲದ ವಿಸ್ತೀರ್ಣ 1,447 ಚದರ ಕಿಲೋಮೀಟರ್. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 40 ಟಿಎಂಸಿ ನೀರು ಆ ಸೀಮೆಯ ಮೇಲೆ ಪ್ರತಿವರ್ಷ ಸುರಿಯುತ್ತದೆ. 1975ಕ್ಕೆ ಮುಂಚೆ ಜಲಾಶಯಕ್ಕೆ ದಿನಕ್ಕೆ ಸರಾಸರಿ 38.5 ಕೋಟಿ ಲೀಟರ್ ಒಳಹರಿವು ಇತ್ತು, ವರ್ಷಕ್ಕೆ ಐದು ಟಿಎಂಸಿಯ ಆಸುಪಾಸು. 2000ದ ನಂತರ ಅದು ದಿನಕ್ಕೆ 6.5 ಕೋಟಿ ಲೀಟರಿಗೆ ಇಳಿಯಿತು, ವರ್ಷಕ್ಕೆ ಒಂದು ಟಿಎಂಸಿಗೂ ಕಡಿಮೆ. ಬಿದ್ದ ಮಳೆಯಲ್ಲಿ ಎಂಟನೇ ಒಂದು ಪಾಲು ಕಟ್ಟೆಗೆ ಬರುತ್ತಿದ್ದ ಕಡೆ ಈಗ ಐವತ್ತನೇ ಒಂದು ಪಾಲು ಬಂದರೆ ಹೆಚ್ಚು.

ಮಳೆ ಕಡಿಮೆಯಾಗಿದ್ದರೆ ಈ ಇಳಿತಕ್ಕೆ ಅರ್ಥವಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ತಮ್ಮ ಸಂಗಾತಿಗಳ ಜೊತೆಗೂಡಿ ಈ ಪ್ರಶ್ನೆಯ ಬೆನ್ನು ಹತ್ತಿ, 2015ರಲ್ಲಿ ಅಧ್ಯಯನ ಪ್ರಕಟಿಸಿದರು. ಮಳೆ, ತಾಪಮಾನ, ಕಾಲುವೆಗಳಿಗೆ ಬಿದ್ದ ಅಡ್ಡಗಟ್ಟು, ಅಂತರ್ಜಲ, ನೀಲಗಿರಿ ತೋಪು, ಹೀಗೆ ಒಂದೊಂದನ್ನೂ ಎತ್ತಿಕೊಂಡು ನೋಡಿದರು. ಹರಿವು ಕುಸಿದದ್ದಕ್ಕೆ ಮಳೆಯಲ್ಲಾದ ಬದಲಾವಣೆಯಾಗಲಿ ಬಿಸಿಲ ಏರಿಕೆಯಾಗಲಿ ಕಾರಣವೆನ್ನಲು ಆಧಾರ ಸಿಗಲಿಲ್ಲ. ಬಲವಾಗಿ ಎದ್ದು ಕಂಡದ್ದು ಕೊಳವೆಬಾವಿ ಮತ್ತು ನೀಲಗಿರಿ, ಅವಕ್ಕಿಂತ ಕಡಿಮೆ ಮಟ್ಟದಲ್ಲಿ ಹಳ್ಳಗಳ ಅಡ್ಡಗಟ್ಟು. ಇದು ಗುಟ್ಟಿನ ಸಂಗತಿಯಲ್ಲ, ಪತ್ರಿಕೆಗಳಲ್ಲಿ ಬಂದಿದೆ, ಸಭೆಗಳಲ್ಲಿ ಚರ್ಚೆಯಾಗಿದೆ. ಆದರೂ ಬೇಸಿಗೆ ಬಂದರೆ ಸಾಕು, ‘ಮಳೆ ಇಲ್ಲ, ಏನು ಮಾಡೋದು’ ಎಂಬ ಹಳೆಯ ರಾಗ ಶುರು. ಈ ರಾಗ ಉಳಿದಿರುವುದಕ್ಕೆ ಕಾರಣವಿದೆ. ಮಳೆಯನ್ನು ಯಾರೂ ಲೆಕ್ಕ ಕೇಳುವಂತಿಲ್ಲ. ಬೋರ್‌ವೆಲ್ಲಿಗೆ ಅನುಮತಿ ಕೊಟ್ಟವರನ್ನು, ನೀಲಗಿರಿ ನೆಡಿಸಿದ ಇಲಾಖೆಯನ್ನು, ಬಡಾವಣೆಗೆ ನಕ್ಷೆ ಮಂಜೂರು ಮಾಡಿದ ಪ್ರಾಧಿಕಾರವನ್ನು ಲೆಕ್ಕ ಕೇಳಬಹುದು.

ಜಲಾಶಯ ತುಂಬುವುದು ಹೇಗೆ ಎಂಬುದನ್ನು ಮಂಡ್ಯದ ರೈತ ನಮ್ಮ ಯೋಜನಾ ವರದಿಗಳಿಗಿಂತ ಚೆನ್ನಾಗಿ ತಿಳಿದಿದ್ದಾನೆ. ಜುಲೈನಲ್ಲಿ ತನ್ನ ಹೊಲದ ಮೇಲೆ ಮೋಡವೇ ಇಲ್ಲದಿದ್ದರೂ ಅವನು ಕೇಳುವುದು ‘ಕೊಡಗಲ್ಲಿ ಮಳೆ ಹೆಂಗದೆ?’ ಎಂದೇ. ಕನ್ನಂಬಾಡಿ ಕಟ್ಟೆ ಇರುವುದು ಮಂಡ್ಯದಲ್ಲಿ, ಅದನ್ನು ತುಂಬಿಸುವುದು ಭಾಗಮಂಡಲದ, ಹಾರಂಗಿಯ, ಹೇಮಾವತಿಯ ಮೇಲ್ದಂಡೆಯ ಬೆಟ್ಟಗಳು. ಕಟ್ಟೆ 124.80 ಅಡಿ ಮುಟ್ಟಿದ ದಿನ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ. ಅರ್ಪಿಸಲಿ, ಅದು ನಮ್ಮ ನಾಡಿನ ಸಂಪ್ರದಾಯ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಬಾಗಿನದ ಜೊತೆಗೆ ಮೇಲ್ದಂಡೆಯ ಕಾಡಿಗೆ, ಗದ್ದೆಗೆ, ಸೆಲೆಗಳಿಗೆ ಸರ್ಕಾರ ಆ ವರ್ಷ ಏನು ಮಾಡಿತು ಎಂಬ ವರದಿಯನ್ನೂ ಜನರ ಮುಂದಿಡಬೇಕಿತ್ತು. ಇಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಕೊಡಗಿನ ಮಳೆಯ ಆರ್ಭಟ ಅರ್ಕಾವತಿಯ ಸೀಮೆಯಲ್ಲಿಲ್ಲ. ಇಲ್ಲಿ ಮಳೆ ಹದವಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಇಲ್ಲಿನ ಹೊಳೆ ನೆಲದೊಳಗಿನ ನೀರನ್ನು ಇನ್ನೂ ಹೆಚ್ಚಾಗಿ ನೆಚ್ಚಿಕೊಂಡಿತ್ತು. ಬಿದ್ದ ಮಳೆಯ ಬಹುಪಾಲನ್ನು ಬೆಳೆ, ಹುಲ್ಲು, ಮರ, ಬಿಸಿಲು ತೆಗೆದುಕೊಳ್ಳುತ್ತವೆ. ಉಳಿದದ್ದು ಕೆಮ್ಮಣ್ಣಿನಲ್ಲಿ ಇಂಗಿ, ಅದರಡಿಯ ಗರಸಿಗೆ, ಮೆತ್ತಗಾದ ಬಂಡೆಯ ಪದರಕ್ಕೆ ಇಳಿಯುತ್ತದೆ. ಆ ಪದರದ ಕೆಳಗೆ ಗಟ್ಟಿ ಕರಿಬಂಡೆ. ಅಲ್ಲಿಂದ ಮುಂದೆ ನೀರಿಗೆ ಸುಲಭದ ದಾರಿ ಇಲ್ಲದ್ದರಿಂದ ಅದು ಇಳಿಜಾರು ಹಿಡಿದು ಮೆಲ್ಲಗೆ ಹಳ್ಳದ ಕಡೆಗೆ ಸರಿಯುತ್ತದೆ. ಹಳ್ಳದ ಅಂಚಿನಲ್ಲಿ ಒರತೆಯಾಗಿ, ಜೌಗಾಗಿ ಹೊರಗೆ ಬರುತ್ತದೆ. ಮಳೆ ನಿಂತು ಎಷ್ಟೋ ವಾರ ಕಳೆದರೂ ಹೊಳೆ ಹರಿಯುತ್ತಿದ್ದದ್ದು ಈ ಒರತೆಯ ಬಲದಿಂದ.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೇಳುವವರು ಕಡಿಮೆ. ನೆಲದೊಳಗೆ ನೀರು ತುಂಬಿದ್ದಾಗ ಹಳ್ಳದ ಬದಿಯ ಮಣ್ಣು ಮೊದಲೇ ತೊಯ್ದಿರುತ್ತದೆ. ಆಗ ಬಿದ್ದ ಮಳೆಗೆ ಒಳಗೆ ಜಾಗವಿರುವುದಿಲ್ಲ, ಅದು ನೇರ ಹರಿದು ಕೆರೆಗೆ ಸೇರುತ್ತದೆ, ಕೆರೆ ಕೋಡಿ ಬೀಳುತ್ತದೆ, ಕೋಡಿಯ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ, ಕೊನೆಗೆ ತಿಪ್ಪಗೊಂಡನಹಳ್ಳಿಗೆ ಹೋಗುತ್ತದೆ. ನೆಲದೊಳಗಿನ ನೀರು ನೂರಾರು ಅಡಿ ಕೆಳಗಿಳಿದರೆ ಎರಡು ನಷ್ಟ ಒಟ್ಟಿಗೆ ಆಗುತ್ತವೆ. ಒರತೆ ನಿಲ್ಲುತ್ತದೆ. ಜೊತೆಗೆ, ಹಿಂದೆ ಕೋಡಿ ಬೀಳಿಸುತ್ತಿದ್ದ ಅದೇ ಮಳೆಯನ್ನು ಕೆರೆಯ ಅಂಗಳ, ಹಳ್ಳದ ಮರಳು, ಹೊಳೆಯ ಪಾತ್ರ ಎಲ್ಲವೂ ದಾರಿಯಲ್ಲೇ ಕುಡಿದುಬಿಡುತ್ತವೆ. ‘ಅಷ್ಟು ಮಳೆ ಬಂದರೂ ಕೆರೆಗೆ ನೀರು ಬರಲಿಲ್ಲ’ ಎಂದು ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಜನ ಅಚ್ಚರಿಪಡುತ್ತಾರಲ್ಲ, ಅದಕ್ಕೆ ಕಾರಣ ಇದೇ.

ಆ ಸೀಮೆಯ ಹಳೆಯ ಕಪಿಲೆ ಬಾವಿಗಳನ್ನು ಒಮ್ಮೆ ಬಗ್ಗಿ ನೋಡಬೇಕು. ಚೌಕಾಕಾರದ ದೊಡ್ಡ ಬಾವಿ, ಒಂದು ಬದಿಯಲ್ಲಿ ಎತ್ತು ಇಳಿಯುತ್ತಿದ್ದ ಇಳಿಜಾರು, ಬಾಯಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು. ಒಳಗೋಡೆಯಲ್ಲಿ ಒಂದರ ಕೆಳಗೊಂದು ನೀರಿನ ಮಟ್ಟದ ಕಲೆಗಳು. ಮೇಲಿನ ಕಲೆ ನೆಲದಿಂದ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ, ಮಳೆಗಾಲದಲ್ಲಿ ಬಾವಿ ಅಲ್ಲಿಯವರೆಗೆ ತುಂಬುತ್ತಿತ್ತು. ಒಂದು ಮೂಲೆಯಲ್ಲಿ ಮೆಟ್ಟಿಲುಕಲ್ಲುಗಳು ಗೋಡೆಯಿಂದ ಚಾಚಿಕೊಂಡು ಕೆಳಗಿಳಿದಿವೆ, ಕೊನೆಯ ಕಲ್ಲಿನ ಕೆಳಗೆ ಈಗ ಬರಿಯ ಬಂಡೆ. ತಳದಲ್ಲಿ ಪ್ಲಾಸ್ಟಿಕ್ ಚೀಲ, ತೆಂಗಿನ ಮಟ್ಟೆ, ಮುಳ್ಳುಕಂಟಿ. ಎಷ್ಟೋ ಕಡೆ ಬಾವಿಯ ತಳಕ್ಕೇ ಬೋರು ಕೊರೆಸಿ, ಆಮೇಲೆ ಅದನ್ನೂ ಬಿಟ್ಟ ಕೇಸಿಂಗ್ ಪೈಪಿನ ತುದಿ ಕಾಣುತ್ತದೆ. ನಲವತ್ತು, ಐವತ್ತು ಅಡಿಯಲ್ಲಿ ಸಿಗುತ್ತಿದ್ದ ನೀರು ಸಾವಿರ ಅಡಿಗೆ ಹೋದ ಕಥೆ ಒಂದೇ ಬಾವಿಯೊಳಗೆ ಬರೆದಿಟ್ಟಂತಿದೆ.

ಎಪ್ಪತ್ತರ ದಶಕದಲ್ಲಿ ರಿಗ್ ಬಂತು, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ತೆರೆದ ಬಾವಿಗಳು ಬತ್ತತೊಡಗಿದ್ದವು. ಮುನ್ನೂರು ಅಡಿಗೆ ಮೂರಿಂಚು ನೀರು ಬಿದ್ದ ಕಡೆ ಆಮೇಲೆ ಆರುನೂರು ಅಡಿಗೆ ಇಂಚು ನೀರು, ಈಗ ಸಾವಿರದ ಇನ್ನೂರು ಅಡಿ ಇಳಿದರೂ ಬರಿ ಧೂಳು. ರೈತರ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಅದು ರೈತರಿಗೆ ಸಂದ ನ್ಯಾಯ ಎಂದೇ ನಾನೂ ನಂಬುತ್ತೇನೆ. ಆದರೆ ನೀರಿಗೆ ಯಾವ ಮಿತಿಯನ್ನೂ ಇಡದೆ ವಿದ್ಯುತ್ತನ್ನಷ್ಟೇ ಬಿಟ್ಟಿ ಕೊಟ್ಟದ್ದರಿಂದ ರೈತನಿಗೂ ಕೊನೆಗೆ ಉಳಿದದ್ದು ಸಾಲದ ಬೋರು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪಟ್ಟಿಯಲ್ಲಿವೆ. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯೂ ಇದೆ. ಇಷ್ಟಿದ್ದೂ ನೆಲದೊಳಗಿನ ನೀರು ಜಮೀನಿನ ಒಡೆಯನದು, ಹೊಳೆಯ ನೀರು ಸರ್ಕಾರದ್ದು, ಎರಡಕ್ಕೂ ಸಂಬಂಧವಿಲ್ಲ ಎಂಬ ಹಳೆಯ ನಂಬಿಕೆಯ ಮೇಲೆಯೇ ನಮ್ಮ ಆಡಳಿತ ನಡೆಯುತ್ತಿದೆ. ಜಲಾಶಯ ಒಬ್ಬರ ಕೈಯಲ್ಲಿ, ಅಂತರ್ಜಲ ಇನ್ನೊಬ್ಬರ ಕೈಯಲ್ಲಿ, ಕೆರೆ ಮತ್ತೊಬ್ಬರ ಕೈಯಲ್ಲಿ.

ಈ ನಂಬಿಕೆಯನ್ನು ಕರ್ನಾಟಕವೇ ಸುಪ್ರೀಂ ಕೋರ್ಟಿನಲ್ಲಿ ಒಡೆದುಹಾಕಿದೆ ಎಂಬುದನ್ನು ಜನ ನೆನಪಿಡಬೇಕು. ಕಾವೇರಿ ವ್ಯಾಜ್ಯದಲ್ಲಿ ನಾವು ಏನು ವಾದಿಸಿದೆವು? ತಮಿಳುನಾಡಿನ ನೆಲದಡಿಯಲ್ಲಿರುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದೆವು. 2018ರ ಫೆಬ್ರುವರಿ 16ರ ತೀರ್ಪು ಅದನ್ನು ಒಪ್ಪಿತು. ನಮಗೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 10 ಟಿಎಂಸಿ ತಮಿಳುನಾಡಿನ ಅಂತರ್ಜಲದ ಲೆಕ್ಕದಿಂದ ಬಂದದ್ದು. ಉಳಿದ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ನೆಲದಡಿಯ ನೀರೂ ನದಿಯ ಲೆಕ್ಕಕ್ಕೇ ಸೇರಿದ್ದು ಎಂದು ಕಾವೇರಿಯ ಮುಖಜಭೂಮಿಯ ಬಗ್ಗೆ ವಾದಿಸಿ ಗೆದ್ದ ನಾವು, ಅದೇ ಕಾವೇರಿಗೆ ಸೇರುವ ಅರ್ಕಾವತಿಯ ದಂಡೆಯಲ್ಲಿ ಆ ಮಾತು ಮರೆತಿದ್ದೇವೆ. ಇನ್ನೂ ಒಂದು ಲೆಕ್ಕ ಮನಸ್ಸನ್ನು ಕಲಕುತ್ತದೆ. ದಶಕಗಳ ಹೋರಾಟದ ನಂತರ ಬೆಂಗಳೂರಿಗೆಂದು ನ್ಯಾಯಾಲಯ ಕೊಟ್ಟದ್ದು 4.75 ಟಿಎಂಸಿ. ತಿಪ್ಪಗೊಂಡನಹಳ್ಳಿಗೆ ಬರುತ್ತಿದ್ದು ಬರದೇ ಹೋದ ನೀರು ವರ್ಷಕ್ಕೆ ನಾಲ್ಕು ಟಿಎಂಸಿಗೂ ಮೇಲೆ. ಅದಕ್ಕಾಗಿ ಒಂದು ಬಂದ್ ಆಗಲಿಲ್ಲ, ಒಬ್ಬರೂ ಕಟಕಟೆ ಹತ್ತಲಿಲ್ಲ.

ನೀಲಗಿರಿಯ ಮಾತು ಬಿಟ್ಟು ಈ ಸೀಮೆಯ ಬಗ್ಗೆ ಬರೆಯಲಾಗದು. 1790ರ ಸುಮಾರಿಗೆ ಟಿಪ್ಪು ಸುಲ್ತಾನ ನಂದಿಬೆಟ್ಟದಲ್ಲಿ ನೆಡಿಸಿದ ಗಿಡಗಳಿಂದ ನಮ್ಮ ದೇಶದಲ್ಲಿ ನೀಲಗಿರಿಯ ಚರಿತ್ರೆ ಶುರುವಾಗುತ್ತದೆ. ಅರ್ಕಾವತಿ ಹುಟ್ಟುವ ಬೆಟ್ಟದಲ್ಲೇ. ಆಗ ಅದು ತೋಟದ ಕುತೂಹಲವಾಗಿತ್ತು. ಹೊಲದ ಮೇಲೆ ಹರಡಿದ್ದು ಎಂಬತ್ತರ ದಶಕದಲ್ಲಿ, ವಿಶ್ವಬ್ಯಾಂಕಿನ ಹಣದ ಸಾಮಾಜಿಕ ಅರಣ್ಯ ಯೋಜನೆಯ ಹೊತ್ತಿಗೆ. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಜಮೀನು ತೋಪಾಯಿತು. ಕೂಲಿ ಆಳು ಬೇಡ, ಕಾವಲು ಬೇಡ, ದನ ಮೇಯುವುದಿಲ್ಲ, ಕೆಲವೇ ವರ್ಷಕ್ಕೆ ಕಡಿದರೆ ದುಡ್ಡು, ಕಾಗದ ಮತ್ತು ರೇಯಾನ್ ಕಾರ್ಖಾನೆಗೆ ಲಾರಿ. ಊರಿನಲ್ಲಿ ಜಮೀನಿಟ್ಟು ಬೆಂಗಳೂರಿನಲ್ಲಿ ನೌಕರಿ ಮಾಡುವವರಿಗಂತೂ ಇದಕ್ಕಿಂತ ಅನುಕೂಲದ ಬೆಳೆ ಇರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದ್ದರು. ಅವರನ್ನು ಅಂದು ಅಭಿವೃದ್ಧಿಯ ವಿರೋಧಿಗಳಂತೆ ಕಂಡರು. ಮುಂದೆ ಬ್ರಿಟಿಷ್ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದ ತೋಪುಗಳಲ್ಲಿ ಅಳತೆ ಮಾಡಿದರು. ಮಣ್ಣು ಆಳವಾಗಿದ್ದ ಹೊಸಕೋಟೆಯ ಕಡೆಯ ತೋಪು ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರು ಕುಡಿದಿತ್ತು. ಮಳೆಯ ನೀರು ಸಾಲದೆ ಬೇರುಗಳು ಮಣ್ಣಿನ ಆಳದಲ್ಲಿದ್ದ ಹಳೆಯ ತೇವವನ್ನೂ ಎಳೆದಿದ್ದವು. ಅಂಥ ತೋಪಿನ ಕೆಳಗೆ ಇಂಗಲು ಏನು ಉಳಿಯುತ್ತದೆ? ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ತುಮಕೂರಿನ ರೈತರು ಹೇಳಿದ್ದನ್ನು ಒಪ್ಪಿಕೊಳ್ಳಲು ಮೂವತ್ತನಾಲ್ಕು ವರ್ಷ ಬೇಕಾಯಿತು. ನಿಂತಿರುವ ಬೊಡ್ಡೆಗಳಿಂದ ಮತ್ತೆ ಮತ್ತೆ ಚಿಗುರುವ ತೋಪುಗಳನ್ನು ಏನು ಮಾಡಬೇಕೆಂಬುದಕ್ಕೆ ಇವತ್ತಿಗೂ ಸರಿಯಾದ ಏರ್ಪಾಡಿಲ್ಲ.

ಮರ ನೆಟ್ಟರೆ ಹೊಳೆ ಹರಿಯುತ್ತದೆ ಎಂದು ಸಭೆ ಸಭೆಯಲ್ಲಿ ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾವ ಮರ, ಎಂಥ ಮಣ್ಣು, ಎಷ್ಟು ಮಳೆ ಎಂದು ಕೇಳದೆ ನೆಟ್ಟ ಮರವೂ ಹೊಳೆಯನ್ನು ಒಣಗಿಸಬಲ್ಲದು. ಅರ್ಕಾವತಿಯ ಮೇಲ್ದಂಡೆ ಅದಕ್ಕೆ ಸಾಕ್ಷಿ.

ಇನ್ನು ಹೂಳು. ತಿಪ್ಪಗೊಂಡನಹಳ್ಳಿಯ ಸಾಮರ್ಥ್ಯ ಮೂರು ಟಿಎಂಸಿಯ ಮೇಲೆ ಸ್ವಲ್ಪ, ಪೂರ್ಣಮಟ್ಟ 74 ಅಡಿ. ಒಳಹರಿವು ಒಂದು ಟಿಎಂಸಿಗಿಂತಲೂ ಕೆಳಗೆ ಇಳಿದಿರುವ ಕಟ್ಟೆಗೆ ಜಾಗದ ಕೊರತೆ ಎಲ್ಲಿಂದ ಬಂತು? ಹೂಳು ಹಿಡಿದಿಡುವ ನೀರನ್ನು ಕಡಿಮೆ ಮಾಡೀತು, ಬರುವ ನೀರನ್ನು ತಡೆಯುವುದಿಲ್ಲ. ಮೇವಿಲ್ಲದೆ ಸೊರಗಿದ ಹಸುವಿನ ಕೆಚ್ಚಲನ್ನು ದಿನಕ್ಕೆರಡು ಸಲ ತೊಳೆದರೆ ಹಾಲು ಬರುವುದಿಲ್ಲ, ಕಟ್ಟೆಯ ಹೂಳೆತ್ತುವ ಗುತ್ತಿಗೆಯಿಂದ ಅರ್ಕಾವತಿ ಹರಿಯುವುದಿಲ್ಲ. ಹೂಳು ನಿಜವಾದ ಕೇಡಾಗಿರುವ ಕಡೆಯೂ ಅದರ ಮೂಲ ಕಟ್ಟೆಯಲ್ಲಿರುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105 ಟಿಎಂಸಿಯ ಆಸುಪಾಸು. ಕಳೆದುಹೋದ ಜಾಗಕ್ಕೆ ಬದಲಾಗಿ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಕೂಗಿದೆ. ಆ ಹೂಳು ಮೇಲ್ದಂಡೆಯ ಗುಡ್ಡ, ಹೊಲ, ಗಣಿಗಳಿಂದ ಕೊಚ್ಚಿಬಂದ ಮಣ್ಣು. ಮಣ್ಣು ಜಾರುವ ಕಡೆ ಏನೂ ಮಾಡದೆ ಹೊಸ ಕಟ್ಟೆ ಕಟ್ಟಿದರೆ ಅದೂ ಹೂಳಿಗೇ ಹೋಗುತ್ತದೆ.

ರಾಜಕಾಲುವೆ ಒತ್ತುವರಿ ತೆರವುಗೊಳಿಸಿದರೆ ಸಾಕು ಎನ್ನುವವರ ಮಾತಿನಲ್ಲಿ ಸತ್ಯದ ಒಂದಂಶವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅರ್ಕಾವತಿ ಪುನಶ್ಚೇತನದ ಹೆಸರಿನಲ್ಲಿ ಹಿಂದೆಯೇ ಕಾಲುವೆ ಬಿಡಿಸಿ, ಗಿಡಗಂಟಿ ಕಿತ್ತು, ಹೂಳು ತೆಗೆಸಿದ್ದಾಗಿದೆ. ಅಗಲ ಮಾಡಿದ ಕಾಲುವೆಯಲ್ಲಿ ಹರಿಯಲು ನೀರು ಇರಬೇಕಲ್ಲ. ಅದಕ್ಕಿಂತ ಕಠಿಣವಾದ ಮಾತೊಂದನ್ನು ಪರಿಸರದ ಕೆಲಸ ಮಾಡುವ ಗೆಳೆಯರಿಗೆ ಹೇಳಬೇಕಾಗಿದೆ. ಪ್ರತಿ ಹಳ್ಳಕ್ಕೂ ನಾಲ್ಕು ಚೆಕ್‌ಡ್ಯಾಂ, ಪ್ರತಿ ಹೊಲಕ್ಕೂ ಒಂದು ಕೃಷಿಹೊಂಡ ಎಂಬ ಜಲಾನಯನ ಕಾರ್ಯಕ್ರಮ ಆ ಊರಿಗೆ ಒಳ್ಳೆಯದು ಮಾಡಬಹುದು. ಆದರೆ ಚೆಕ್‌ಡ್ಯಾಂ ನೀರನ್ನು ಹುಟ್ಟಿಸುವುದಿಲ್ಲ, ಕೆಳಗೆ ಹೋಗುವುದನ್ನು ಮೇಲೆ ನಿಲ್ಲಿಸುತ್ತದೆ, ಅಷ್ಟೆ. ನಿಂತದ್ದು ಇಂಗಿ, ಪಕ್ಕದ ಬೋರಿನಿಂದ ಮೇಲೆ ಬಂದು, ಮತ್ತೊಂದೆಕರೆಗೆ ಹರಿದರೆ ಹೊಳೆಗೆ ಅದು ಕಳೆದುಹೋದ ನೀರೇ. ಹನಿ ನೀರಾವರಿಯ ಕಥೆಯೂ ಹೀಗೇ. ಉಳಿದ ನೀರಿನಲ್ಲಿ ಇನ್ನೊಂದಷ್ಟು ಜಮೀನಿಗೆ ಪೈಪು ಎಳೆದರೆ ನೆಲದೊಳಗೆ ಉಳಿಯುವುದು ಏನೂ ಇಲ್ಲ. ಒಟ್ಟು ಎತ್ತುವ ನೀರಿಗೆ ಮಿತಿ ಹಾಕದೆ ನಡೆಸುವ ಯಾವ ಜಲಾನಯನ ಯೋಜನೆಯೂ ಕೆಳಗಿನ ಜಲಾಶಯವನ್ನು ತುಂಬಿಸಲಾರದು.

‘2022ರಲ್ಲಿ ಧಾರಾಕಾರ ಮಳೆಯಾಯಿತು, ಆಗ ನೀರು ಬರಲಿಲ್ಲವೇ?’ ಎಂದು ಕೇಳುತ್ತಾರೆ. ಬಂತು. ರಸ್ತೆ, ಬಡಾವಣೆ, ಚರಂಡಿಗಳನ್ನೆಲ್ಲ ಮುಳುಗಿಸಿದ ಮಳೆ ಅದು. ಅಂಥ ವರ್ಷ ಯಾವ ಬರಡು ನೆಲದಿಂದಲೂ ನೀರು ಕೊಚ್ಚಿಕೊಂಡು ಬರುತ್ತದೆ. ಅಪರೂಪದ ಪ್ರವಾಹವನ್ನು ನೆಚ್ಚಿ ಒಂದು ಮಹಾನಗರಕ್ಕೆ ದಿನದಿನವೂ ನೀರು ಕೊಡಲಾಗುವುದಿಲ್ಲ. ಸಾಧಾರಣ ಮಳೆಯ ವರ್ಷದಲ್ಲಿ ಜಲಾಶಯಕ್ಕೆ ಏನು ಬರುತ್ತದೆ ಎಂಬುದೇ ಪರೀಕ್ಷೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹೊಳೆಯ ಪಾತ್ರದಲ್ಲಿ ಏನಾದರೂ ಹರಿದರೆ ಅದು ಎಂಥ ನೀರು ಎಂದು ದೊಡ್ಡಬಳ್ಳಾಪುರದ ಕೆಳಗಿನ ದೊಡ್ಡತುಮಕೂರು ಕೆರೆಯ ಸುತ್ತಲಿನ ಜನರನ್ನು ಕೇಳಬೇಕು. ಊರಿನ ಕೊಳಚೆ ಮತ್ತು ಕೈಗಾರಿಕೆಗಳ ಹೊಲಸು ತಮ್ಮ ಕೆರೆ ಸೇರುತ್ತಿದೆ ಎಂದು ಅವರು ಬೀದಿಗಿಳಿದಿದ್ದಾರೆ.

ನಾನು ಹೇಳುತ್ತಿರುವುದರ ಅರ್ಥ ರೈತ ಬೋರ್‌ವೆಲ್ ಮುಚ್ಚಬೇಕು, ಬೆಂಗಳೂರು ನೀರು ಕುಡಿಯಬೇಕು ಎಂದಲ್ಲ. ಹಾಗೆ ಕೇಳುವ ನೈತಿಕ ಹಕ್ಕು ನಗರಕ್ಕಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿಯ ಬೆಂಗಳೂರು ನೀಲಿ ದ್ರಾಕ್ಷಿ, ತರಕಾರಿ, ಗುಲಾಬಿ, ಹಾಲು ಎಲ್ಲವೂ ನಗರಕ್ಕೇ ಬರುತ್ತವೆ. ಜಲಾಶಯಕ್ಕೆ ಬರದ ನೀರಿನ ಒಂದು ಪಾಲು ಹೀಗೆ ಲಾರಿ, ಟೆಂಪೊಗಳಲ್ಲಿ ಮಾರುಕಟ್ಟೆ ಸೇರುತ್ತಿದೆ. ಇನ್ನೊಂದು ಪಾಲು ಯಲಹಂಕದಾಚೆಗೆ ಬೆಳೆದ ಅಪಾರ್ಟ್‌ಮೆಂಟುಗಳ, ನೆಲಮಂಗಲದ ಗೋದಾಮು ಮತ್ತು ಬಡಾವಣೆಗಳ ಬೋರುಗಳಲ್ಲಿ, ಟ್ಯಾಂಕರುಗಳಲ್ಲಿ ಹೋಗುತ್ತಿದೆ. ಹಾಗಾಗಿ ಮೇಲ್ದಂಡೆಯ ರೈತ ನೀರು ಕಡಿಮೆ ಬಳಸಿದರೆ ಅವನ ನಷ್ಟವನ್ನು ನಗರ ತುಂಬಿಕೊಡಬೇಕು. ನೀಲಗಿರಿ ಬೊಡ್ಡೆ ಕಿತ್ತು ಮತ್ತೆ ರಾಗಿ, ಅವರೆ ಹಾಕುವವನಿಗೆ ಎಕರೆಗಿಷ್ಟು ಎಂದು ವರ್ಷ ವರ್ಷ ಹಣ ಕೊಡಬೇಕು. ಬೋರಿಗೆ ಮೀಟರ್ ಹಾಕಿಸಿ, ಎತ್ತದೆ ಉಳಿಸಿದ ನೀರಿಗೆ ಬೆಲೆ ಕಟ್ಟಬೇಕು. ಮೊದಲ ಮೀಟರು ಬೀಳಬೇಕಾದ್ದು ರೈತನ ಬೋರಿಗಲ್ಲ, ಬಡಾವಣೆಗಳ, ಕಾರ್ಖಾನೆಗಳ, ಟ್ಯಾಂಕರ್ ಮಾಲೀಕರ ಬೋರುಗಳಿಗೆ.

ಇದಕ್ಕೆಲ್ಲ ಹಣ ಎಲ್ಲಿದೆ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿದೆ. ಸಕಲೇಶಪುರದ ಘಟ್ಟಗಳಿಂದ 24 ಟಿಎಂಸಿ ಸಿಗುತ್ತದೆ ಎಂದು ಸರ್ಕಾರ ಹೇಳಿದರೆ, ಐಐಎಸ್‌ಸಿ ಸಂಶೋಧಕರ ಅಂದಾಜು ಸುಮಾರು 9.5 ಟಿಎಂಸಿ. ಕೋಲಾರ, ಚಿಕ್ಕಬಳ್ಳಾಪುರದ ಜನರಿಗೆ ಮಾತು ಕೊಟ್ಟ ಆ ನೀರಿನಲ್ಲೇ ಒಂದು ಪಾಲನ್ನು ತಿಪ್ಪಗೊಂಡನಹಳ್ಳಿಗೆ ಹರಿಸುವ ಏರ್ಪಾಡಿದೆ. ಒಂದು ಹೊಳೆಯ ಜಲಾನಯನವನ್ನು ಕೆಡಿಸಿದವರು ನೇತ್ರಾವತಿಯ ಇನ್ನೊಂದು ಜಲಾನಯನಕ್ಕೆ ಕೈಹಾಕಿದ್ದಾರೆ. ಆ ನೀರನ್ನು ಕೆರೆ, ಹಳ್ಳಗಳ ಮೂಲಕ ಬಿಟ್ಟರೆ ಬತ್ತಿದ ಪಾತ್ರ ಅದನ್ನೂ ದಾರಿಯಲ್ಲೇ ಕುಡಿಯುತ್ತದೆ, ಪಕ್ಕದ ಬೋರುಗಳು ಅದನ್ನೂ ಮೇಲೆತ್ತುತ್ತವೆ. ಇತ್ತ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಬಳಿಯೇ ಮೇಕೆದಾಟು ಅಣೆಕಟ್ಟೆ ಕಟ್ಟಿ 67 ಟಿಎಂಸಿ ನಿಲ್ಲಿಸುವ ಯೋಜನೆಯಿದೆ. ಅದರಲ್ಲಿ ಮುಳುಗುವುದು ಕಾವೇರಿ ವನ್ಯಧಾಮದ ಕಾಡು. ಅರ್ಕಾವತಿಯ ತುದಿಯಲ್ಲಿ ನೀರು ನಿಲ್ಲಿಸಲು ಇಷ್ಟು ಹಟ ಹಿಡಿದಿರುವ ಸರ್ಕಾರಗಳು ಅದರ ತಲೆಯಲ್ಲಿ, ನಂದಿಯ ತಪ್ಪಲಲ್ಲಿ, ಏನು ಮಾಡಿವೆ?

ಮಾಡಿದ ಒಂದು ಕೆಲಸವನ್ನು ಅವೇ ಸಡಿಲಿಸಿದವು. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಉಳಿಸಲೆಂದು 2003ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಜಲಾಶಯದ ಸುತ್ತ, ಅರ್ಕಾವತಿ ಮತ್ತು ಕುಮುದ್ವತಿಯ ಎರಡೂ ದಂಡೆಯಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ವಲಯವಾರು ನಿರ್ಬಂಧ ಹಾಕಿತ್ತು. 2019ರಲ್ಲಿ ಆ ಕಾಯ್ದಿಟ್ಟ ಪಟ್ಟಿಯ ಅಗಲವನ್ನು ಕಡಿಮೆ ಮಾಡಲಾಯಿತು. ಹೊಳೆಯಲ್ಲಿ ನೀರೇ ಇಲ್ಲದ ಮೇಲೆ ದಂಡೆಗೆ ಯಾಕೆ ರಕ್ಷಣೆ ಎಂದು ಭೂಮಿಯ ವ್ಯವಹಾರದವರು ಕೇಳುವುದು ಅವರ ಲಾಭಕ್ಕೆ. ಸರ್ಕಾರವೂ ಅದೇ ದಾರಿ ಹಿಡಿದದ್ದು ಅಕ್ಷಮ್ಯ. ಹೊಳೆ ಬತ್ತಿಸಿದ ಮೇಲೆ ಅದು ಬತ್ತಿದೆ ಎಂಬುದನ್ನೇ ನೆಪ ಮಾಡಿ ಅದರ ಅಂಗಳವನ್ನು ಮಾರಲು ಬಿಟ್ಟಂತಾಯಿತು. ಆ ಸಡಿಲಿಕೆಯನ್ನು ಹಿಂದಕ್ಕೆ ಪಡೆಯಬೇಕು, ಪಡೆಯುವಾಗ ಅದಕ್ಕೆ ಕೊಳವೆಬಾವಿಯ ಮಿತಿಯನ್ನೂ ಸೇರಿಸಬೇಕು.

ಇನ್ನೊಂದು ಕೆಲಸಕ್ಕೆ ಕಾಸೂ ಬೇಕಿಲ್ಲ. ಪತ್ರಿಕೆಗಳು ಮಳೆಗಾಲವಿಡೀ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವನ್ನು ಚೌಕಟ್ಟಿನಲ್ಲಿ ಅಚ್ಚು ಹಾಕುತ್ತವೆ. ಅಂತರ್ಜಲ ನಿರ್ದೇಶನಾಲಯ ತಾಲ್ಲೂಕು ತಾಲ್ಲೂಕಿನಲ್ಲಿ ವೀಕ್ಷಣಾ ಬಾವಿಗಳಿಟ್ಟುಕೊಂಡು ಅಳತೆ ಮಾಡುತ್ತಲೇ ಇದೆ. ತಿಪ್ಪಗೊಂಡನಹಳ್ಳಿಯ ಮಟ್ಟ ಎಷ್ಟು ಅಡಿ ಎಂದು ಅಚ್ಚಾಗುವ ಸಾಲಿನ ಪಕ್ಕದಲ್ಲೇ ದೊಡ್ಡಬಳ್ಳಾಪುರದಲ್ಲಿ, ನೆಲಮಂಗಲದಲ್ಲಿ ನೆಲದೊಳಗಿನ ನೀರು ಈ ತಿಂಗಳು ಎಷ್ಟು ಅಡಿ ಕೆಳಗಿದೆ ಎಂಬುದೂ ಅಚ್ಚಾಗಲಿ. ಜಲಸಂಪನ್ಮೂಲ ಸಚಿವರನ್ನು ಸದನದಲ್ಲಿ ಪ್ರಶ್ನಿಸುವ ಶಾಸಕರು ಎರಡೂ ಅಂಕಿಗಳನ್ನು ಒಟ್ಟಿಗೆ ಹಿಡಿದು ಕೇಳಲಿ. ಮುಂದಿನ ಬಜೆಟ್ಟಿನಲ್ಲಿ ಎತ್ತಿನಹೊಳೆಗೆ ಹಣ ಕೇಳುವ ಇಲಾಖೆ, ಅರ್ಕಾವತಿಯ ಮೇಲ್ದಂಡೆಯ ಬಾವಿಗಳಲ್ಲಿ ನೀರು ಒಂದು ಅಡಿಯಾದರೂ ಮೇಲೆ ಬಂದಿದೆಯೇ ಎಂಬುದಕ್ಕೆ ಮೊದಲು ಉತ್ತರ ಕೊಡಲಿ.